ಮೀಸಲು

ಸಾಲಗಾಮೆ ರಸ್ತೆಯ ಸರ್ಕಾರಿ ಶಾಲೆಯಲ್ಲಿ
ಏಳನೇ ತರಗತಿಯ ಹುಡುಗಿ ಎದ್ದು ನಿಂತು ಕೇಳುತ್ತಾಳೆ:
"ಮಿಸ್, ನೀವು ಮೇಲೆ ಹೋಗಿ ಬಂದ್ರಾ?"
ಹೆಡ್‌ಮೇಷ್ಟ್ರು ಕೆಮ್ಮುತ್ತಾರೆ. ಅವರಿಗೆ ಗೊತ್ತು.
ಹಾಕಿದ ಹಾರ ಇನ್ನೂ ನನ್ನ ಕೊರಳಲ್ಲೇ ಇದೆ,
ಸೇವಂತಿಗೆಯ ನಡುವೆ ಒಂದು ಇರುವೆ.

ಇಲ್ಲ ಮಗಳೇ.

ಹೇಗೆ ಹೇಳಲಿ. ನನ್ನಪ್ಪ
ಹಾಸನದ ಆಲೂಗಡ್ಡೆ ಮಂಡಿಯಲ್ಲಿ ತೂಕ ಹಾಕುವವನು.
ಶ್ರಾವಣದಲ್ಲಿ ಲಾರಿಗಳು ಸಾಲುಗಟ್ಟುವ ಮೊದಲು
ವರ್ಷಕ್ಕೊಮ್ಮೆ ನನ್ನನ್ನೂ ತಕ್ಕಡಿಗೇರಿಸುತ್ತಿದ್ದ.
ಈ ತಟ್ಟೆಯಲ್ಲಿ ನಾನು, ಆ ತಟ್ಟೆಯಲ್ಲಿ ಕಬ್ಬಿಣದ ಕಲ್ಲು.
ಹದಿನೆಂಟು. ಇಪ್ಪತ್ತೊಂದು.
ಮತ್ತೆ ಇಪ್ಪತ್ತೊಂದೇ, ಆ ವರ್ಷ ಜ್ವರ.
ರೈತರ ಲೆಕ್ಕದ ಪಕ್ಕದಲ್ಲೇ
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ: ದೇವೀರಿ, ೨೧.

ತೂಕ ಅಂದರೆ ಭೂಮಿ ನಿಮ್ಮ ಕೈ ಹಿಡಿದು ಜಗ್ಗೋದು
ಅಂತ ಹೇಳಿಕೊಟ್ಟವರು ಫಿಸಿಕ್ಸಿನ ರುಖಿಯಾ ಮೇಡಂ,
ಒಂದೇ ಸ್ಪ್ರಿಂಗನ್ನು ಹದಿನಾಲ್ಕು ಹುಡುಗಿಯರು
ಸರದಿಯಲ್ಲಿ ಎಳೆಯುತ್ತಿದ್ದ ಲ್ಯಾಬಿನಲ್ಲಿ.
ಆಮೇಲಿನದನ್ನೆಲ್ಲ ನಿಮ್ಮ ಮೇಷ್ಟ್ರು ಈಗಷ್ಟೇ ಓದಿದರು:
ಪದವಿ, ಪದಕ, ಉಪಗ್ರಹ ಕೇಂದ್ರದಲ್ಲಿ ಕೆಲಸ.
ಅದರಲ್ಲಿ ಇಲ್ಲದ್ದು
ಬಸ್ಸಿನಲ್ಲಿ ನಿಂತುಕೊಂಡೇ ಕಳೆದ ಆರು ವರ್ಷ,
"ಮಹಿಳೆಯರಿಗೆ ಮೀಸಲು" ಎಂಬ ಬರಹದ ಕೆಳಗೆ
ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದ ಗಂಡಸರು.
ಇಂಟರ್‌ವ್ಯೂನಲ್ಲಿ ಒಬ್ಬರು ಕೇಳಿದ್ದು:
ರಾತ್ರಿ ಪಾಳಿಗೆ ಮನೇಲಿ ಬಿಡ್ತಾರಾ?

ಬಿಟ್ಟರು. ಅಥವಾ ನಾನು ಕೇಳಲಿಲ್ಲ.

ನೌಕೆಗೆ ನಾಲ್ವರನ್ನು ಆರಿಸಿದರು.
ಹೋಗುವವರು ಮೂವರು, ಒಬ್ಬಳು ಮೀಸಲು.
ಗಿರಗಿರ ತಿರುಗಿಸುವ ಯಂತ್ರದೊಳಗೆ
ಐವತ್ತೆರಡು ಕೆ.ಜಿ.ಯ ನಾನು ನಾಲ್ಕು ಮೂಟೆಯಾದೆ.
ಕೆನ್ನೆ ಕಿವಿಯತ್ತ ಹರಿಯಿತು, ಉಸಿರು
ಒಂದೊಂದೇ ಆಲೂಗಡ್ಡೆಯಂತೆ ಹೊರಬಂತು.
ಫೋನಿನಲ್ಲಿ ಹೇಳಿದರೆ ಅಪ್ಪ:
"ಚೀಲದ ತೂಕ ಕಳೆದವ್ರಾ, ಕೇಳ್ಕೊ."

ಅಂಗಿ ಹೊಲಿಯಲು ಬೆರಳು ಬೆರಳಿನ ಅಳತೆ ತೆಗೆದರು,
ಗೆಣ್ಣಿನಿಂದ ಗೆಣ್ಣಿಗೆ.
ಈಳಿಗೆಮಣೆ ಕೊಯ್ದು ಸೊಟ್ಟಗಾದ ತೋರುಬೆರಳಿಗೂ
ಸೊಟ್ಟಗೇ ಒಂದು ಜಾಗ ಮಾಡಿದರು.

ಉಡ್ಡಯನದ ದಿನ ಮೂವರೂ ಗಟ್ಟಿಮುಟ್ಟಾಗಿದ್ದರು.
ಒಬ್ಬರಿಗಾದರೂ ಶೀತವಾಗಲಿ ಎಂದು
ಹಿಂದಿನ ರಾತ್ರಿ ಒಂದು ಗಳಿಗೆ ಬಯಸಿದ್ದೆ.
ಇದನ್ನು ನಿನಗೆ ಹೇಳುವುದಿಲ್ಲ.

ಅಜ್ಜಿ ಕರು ಹಾಕಿದ ಹಸುವಿನ ಮೊದಲ ತುಪ್ಪವನ್ನು
ದೇವೀರಮ್ಮನ ಬೆಟ್ಟದ ದೀಪಕ್ಕೆಂದು ಎತ್ತಿಡುತ್ತಿದ್ದಳು.
ಮೀಸಲು, ಬೆರಳದ್ದೀಯೆ ಜೋಕೆ.
ಒಂದು ದೀಪಾವಳಿಗೆ ಅವಳ ಮಂಡಿ ಬಾತು ಬೆಟ್ಟ ಏರಲಾಗಲಿಲ್ಲ.
ಉಣ್ಣುವಂತಿಲ್ಲ, ಮಾರುವಂತಿಲ್ಲ;
ಗಿಂಡಿ ತಿಂಗಳುಗಟ್ಟಲೆ ಗೂಡಿನಲ್ಲಿ ಕೂತಿತ್ತು,
ಮನೆ ತುಂಬ ಅದರ ವಾಸನೆ.
ಕೊನೆಗೆ ಕರೆಂಟು ಹೋದ ಒಂದು ಸಂಜೆ
ಏನೂ ಹೇಳದೆ ಹಣತೆಗೆ ಹೊಯ್ದು ನನ್ನ ಪುಸ್ತಕದ ಪಕ್ಕ ಇಟ್ಟಳು.

ಈಗ ರಾತ್ರಿ ಪಾಳಿ. ಪರದೆಯ ಮೇಲೆ
ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದ ಒಂದು ಪೆಟ್ಟಿಗೆ
ತನ್ನ ಜಾಗ ಬಿಟ್ಟು ಸರಿಯುತ್ತಿರುತ್ತದೆ,
ನಿದ್ದೆಯಲ್ಲಿ ಚಾಪೆಯಿಂದ ಹೊರಳುವ ಮಗುವಿನ ಹಾಗೆ.
ಒಂದು ಸಣ್ಣ ನೂಕು, ಸೀನಿನಷ್ಟು.
ಮರಳುತ್ತದೆ.
ಹೊರಗೆ ಹಾಲಿನ ವ್ಯಾನು, ಮಹಾರಾಜ ಪಾರ್ಕಿನ ಕಡೆ ಒಂದು ನಾಯಿ.
ಯಾವ ಮನೆಯ ಟಿವಿಯೂ ಅಲುಗುವುದಿಲ್ಲ.

ಹುಡುಗಿ ಇನ್ನೂ ನಿಂತೇ ಇದ್ದಾಳೆ.
"ಹೋಗಲಿಲ್ಲ," ಎನ್ನುತ್ತೇನೆ, "ಅಂಗಿ ಮಾತ್ರ ಇದೆ."
"ಅದು ನಂಗಾಗುತ್ತಾ ಮಿಸ್?"
ತರಗತಿ ಗೊಳ್ಳೆಂದು ನಗುತ್ತದೆ.
ಹತ್ತಿರ ಕರೆದು ಅಂಗೈಗೆ ಅಂಗೈ ಒತ್ತಿ ನೋಡುತ್ತೇನೆ.
ಬಳಪದ ಧೂಳು, ಉಗುರಿನಲ್ಲಿ ಮಸಿ.

ಆಗಲ್ಲ ಕಣೇ.
ನಿನ್ನ ಬೆರಳು ಈಗಲೇ ನನ್ನದಕ್ಕಿಂತ ಉದ್ದ.