ಅಲ್ಲಲ್ಲಿ

"ಸಂಜೆಯ ಹೊತ್ತಿಗೆ ನಗರದ ಅಲ್ಲಲ್ಲಿ ಗುಡುಗು, ಮಳೆ.
ಗಾಳಿ ಗಂಟೆಗೆ ನಲವತ್ತು ಕಿಲೋಮೀಟರ್."
ಅಲ್ಲಲ್ಲಿ ಅಂದರೆ ಎಲ್ಲಿ ಸಾರ್?
ಗರಗಸಕ್ಕೆ ಎಣ್ಣೆ ಬಿಡುತ್ತ ಪಿಳ್ಳಪ್ಪ
ರೇಡಿಯೋವನ್ನೇ ಕೇಳುತ್ತಾನೆ.

ಮರ ತೆರವಿನ ಲಾರಿ ಹನುಮಂತನಗರದ ಇಳಿಜಾರಲ್ಲಿ.
ಹಗ್ಗ, ಏಣಿ, ಮೂರು ಬನ್ನು.
ಮೊದಲು ಮಲಗುವುದು ಗುಲ್‌ಮೊಹರ್, ಅವನಿಗೆ ಗೊತ್ತು:
ತಲೆತುಂಬ ಹೂ, ಬೇರು ಮಾತ್ರ ಕಾಂಕ್ರೀಟಿನ ಮೇಲುಮೇಲೆ.

ನಾಲ್ಕೂಕಾಲು.
ಯಾರದೋ ಸೀರೆ ತಂತಿ ಬಿಟ್ಟು
ಎದುರುಮನೆಯ ಟ್ಯಾಂಕನ್ನು ಉಟ್ಟುಕೊಂಡಿತು.
ಹೊಂಗೆಹೂ ಪುರಿಯ ಹಾಗೆ ರಸ್ತೆಯುದ್ದ ಉರುಳಿತು.
"ಬಂದ್ಲು ಭರಣಿ" ಅಂದ,
ತಡವಾಗಿ ಬಂದ ನಾದಿನಿಯನ್ನು ಅಂದಂತೆ.

ಕಾದ ಬಾನೆಟ್ಟಿನ ಮೇಲೆ ಮೊದಲ ಹನಿ ಚುರ್.
ಆಮೇಲೆ ಫೋನು:
ಏಳನೇ ಕ್ರಾಸು, ಕಾರಿನ ಮೇಲೆ, ಬೇಗ ಬನ್ನಿ.
ಯಾವ ಮರ?
ಗೊತ್ತಿಲ್ಲ ಕಣ್ರೀ,
ಸೀಟೆಲ್ಲಾ ಕೆಂಪು ಹೂವು.

ಉಳಿದ ಬನ್ನು ಜೇಬಿಗಿಳಿಸಿ
ಪಿಳ್ಳಪ್ಪ ಏಣಿ ಎತ್ತಿದ.