ಎಡಗೈ ಹೆಬ್ಬೆಟ್ಟು

ತಗಡಿನ ಪೆಟ್ಟಿಗೆಯಲ್ಲಿ ಹುಳ ಬೀಳದಿರಲೆಂದು
ಯಾರೋ ಬಜೆಬೇರು ಹಾಕಿದ್ದರು.
ಬೇರಿಗೇ ಹುಳ ಹಿಡಿದಿತ್ತು, ಕಾಗದ ಮಾತ್ರ ಗಟ್ಟಿ.

ಕೌಲ್ ಬಜಾರಿನ ಈ ಜಾಗಕ್ಕೆ ಪಟ್ಟಾ ಬೇಕೆಂದರೆ
ಹಳೆಯ ಪುರಾವೆ ತನ್ನಿ ಎಂದಿದ್ದರು. ಅದಕ್ಕೇ ತೆರೆದದ್ದು,
ಗೋಡೆಯಾಚೆ ಜೀನ್ಸಿನ ಮಿಷನ್ನುಗಳು ಗುರುಗುಡುತ್ತಿದ್ದಾಗ,
ನಾನು ಪಾಳಿಗೆ ಹೋಗದೆ ಕೂತ ಒಂದು ಮಂಗಳವಾರ.

ಮೇಲಿದ್ದದ್ದು ಮುತ್ತಾತನನ್ನು ಪಲ್ಟಣಿನಿಂದ ಬಿಟ್ಟ ಕಾಗದ.
ಇಂಗ್ಲಿಷು ಬಿಡಿಸಿ ಹೇಳಿದ್ದು ಒಂಬತ್ತನೇ ಕ್ಲಾಸಿನ ಮಗಳು:
ಹೆಸರು, ಗಾಡಿ ಲಿಂಗಂ.
ಗಾದಿಲಿಂಗ ಅಂದಿರಬೇಕು ಅವನು. ಬರೆದ ದೊರೆಯ ಕಿವಿಗೆ
ಗಾದಿಯೆಲ್ಲಿ, ಗದ್ದುಗೆಯೆಲ್ಲಿ; ಕೇಳಿದ್ದು ಗಾಡಿ.
ಅದಕ್ಕೇ ಏನೋ ಗಾಡಿಯನ್ನೇ ಕೊಟ್ಟರು,
ಹೇಸರಗತ್ತೆ ಎರಡು ಕಟ್ಟಿ, ಬಸ್ರಾದ ಕೆಸರಿಗೆ.
ವಯಸ್ಸು ಸುಮಾರು ಇಪ್ಪತ್ತೆರಡು. ನಡತೆ ಒಳ್ಳೆಯದು.
ಗುರುತು: ಎಡಗೈಯ ಹೆಬ್ಬೆಟ್ಟು ಇಲ್ಲ,
ಹೇಸರಗತ್ತೆ ಕಚ್ಚಿದ್ದು.

'ಕಚ್ಚಿದ್ದಾ?' ಅಂದ ಚಿಕ್ಕಪ್ಪ ಯರ್ರಿಸ್ವಾಮಿ.
ನಮ್ಮ ಮನೆಯಲ್ಲಿ ನೂರು ವರ್ಷದಿಂದ
ಅದು ಗುಂಡು ಹಾರಿಸಿಕೊಂಡು ಹೋದ ಬೆರಳು.
ಇವನ ಮದುವೆಯಲ್ಲಿ, ಇವನ ಮಕ್ಕಳ ತೊಟ್ಟಿಲಲ್ಲಿ
ಆ ಗುಂಡು ಎಷ್ಟು ಸಲ ಹಾರಿಲ್ಲ!
ಕಾಗದ ಮಡಿಸಿದ. 'ಗುಂಡು ಗುಂಡಾಗೇ ಇರ್ಲಿ' ಅಂದ.

ಒಂದು ಕಾರ್ಡು, ತೆಲುಗಿನಲ್ಲಿ, ಯಾರಿಂದಲೋ ಬರೆಸಿದ್ದು:
ಎಮ್ಮೆ ಈಯಿತೇ? ಇಲ್ಲಿ ಖರ್ಜೂರ ಅಗ್ಗ, ನೀರು ತುಟ್ಟಿ.
ಕೈ ಚೆನ್ನಾಗಿದೆ.
ಕೈಯ ಬಗ್ಗೆ ಯಾರೂ ಕೇಳಿರಲಿಕ್ಕಿಲ್ಲ.

ಅದರಡಿ ಪಿಂಚಣಿ ಪುಸ್ತಕ. ತಿಂಗಳಿಗೆ ನಾಲ್ಕು ರೂಪಾಯಿ,
ಸಾಲು ಸಾಲಿಗೂ ಮಸಿಯ ಹೆಬ್ಬೆಟ್ಟು, ಪಕ್ಕದಲ್ಲಿ ಚಿಕ್ಕದಾಗಿ: ಎಡ.
ಎಡ. ಎಡ. ಎಡ.
ಇಲ್ಲದ ಬೆರಳು ಇಪ್ಪತ್ತೊಂಬತ್ತು ವರ್ಷ ಒತ್ತಿದೆ.
ನಡುವೆ ಸರ್ಕಾರವೇ ಬದಲಾಗಿದೆ, ಹೆಬ್ಬೆಟ್ಟು ಬದಲಾಗಿಲ್ಲ.

ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದೆವು:
ಗೆರೆಗಳ ಸುಳಿ, ನಡುವೆ ಓರೆಯಾಗಿ ಒಂದು ಸೀಳು.
ಜೇಜಿಗೆ ಈಗ ಕಣ್ಣಿಲ್ಲ. ಸೀಳು ಅಂದಕೂಡಲೇ ಅಂದಳು:
'ನಮ್ಮತ್ತಿದು. ಸಜ್ಜಿ ಕೊಯ್ಯಾಗ ಕುಡುಗೋಲು ಎಳದಿತ್ತು.
ಒಡದ ಬ್ಯಾಳಿ ಇದ್ದಂಗ ಇತ್ತು ಆಕಿ ಹೆಬ್ಬೆಟ್ಟು.'

ಸುಂಕಲಮ್ಮ. ಪೆಟ್ಟಿಗೆಯ ಯಾವ ಕಾಗದದಲ್ಲೂ ಆ ಹೆಸರಿಲ್ಲ.

ನೋಡುತ್ತೇನೆ: ಗುಡ್ಡದ ಬಂಡೆ ಕಾದ ಹೊತ್ತು, ಖಜಾನೆಯ ಕಟ್ಟೆ.
ಅವನು ಬಲಗೈ ಚಾಚುತ್ತಾನೆ. ಗುಮಾಸ್ತ ತಲೆಯೆತ್ತದೆ
'ಗಂಡಸರದು ಎಡ, ಹೆಂಗಸರದು ಬಲ. ರೂಲು' ಅನ್ನುತ್ತಾನೆ.
ಅವನ ಕಂಕುಳ ಕೆಳಗಿಂದ, ಸೆರಗಿನೊಳಗಿನ ಕೈಯೊಂದು
ಬರುತ್ತದೆ, ಬಳೆ ಮೇಲೇರಿಸಿಕೊಂಡು.
ಗುಮಾಸ್ತನಿಗೆ ಬೇಕಾದದ್ದು ಬೆರಳು. ಸಿಕ್ಕಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು.
ಆದರೆ ಮುನಿಸಿಪಾಲಿಟಿಯಿಂದ ತೆಗೆಸಿದ ಮರಣದ ನಕಲಿನಲ್ಲಿ
ಅವನು ಸತ್ತದ್ದು ನಲವತ್ತಮೂರರಲ್ಲಿ, ವಾಂತಿಬೇಧಿಯಾಗಿ.
ಪುಸ್ತಕ ಐವತ್ತರವರೆಗೆ ನಡೆದಿದೆ.
ಏಳು ವರ್ಷ ಅವನ ಖಾಕಿ ಕೋಟಿನೊಳಗೆ ಕೂತವರು ಯಾರು ಜೇಜಿ?
ಜೇಜಿ ಎಲೆಗೆ ಸುಣ್ಣ ಸವರಿದಳು, ತಡವಿ ತಡವಿ.
'ದೊಡ್ಡ ಕೋಟವ್ವಾ ಅದು' ಅಂದಳು,
'ಮನಿ ಮಂದಿಯೆಲ್ಲಾ ಹಿಡೀತಿದ್ರು ಅದರಾಗ.'

ಕಚೇರಿಗೆ ಗಾಡಿ ಲಿಂಗಂ ಒಬ್ಬನನ್ನೇ ಒಯ್ದೆ.
ಇದಾದ ಮೇಲಿನದು ಏನಾದರೂ ಇದೆಯಾ, ಅಂದ ಹುಡುಗ.
ಇಲ್ಲ ಸಾರ್, ಅಂದೆ.
ಹೆಬ್ಬೆಟ್ಟಿಡಿ, ಅಂದ. ಯಾವ ಕೈ, ಅಂದೆ.
ಯಾವುದಾದ್ರೂ, ಅಂದ, ಪರದೆ ನೋಡುತ್ತ.
ಎಡಗೈ ಚಾಚಿದೆ. ತೊಳೆದರೂ ಹೋಗದ ಜೀನ್ಸಿನ ನೀಲಿ
ಗಾಜಿಗೆ ಅಂಟಿತು.
ಅವನು ಕರವಸ್ತ್ರ ತೆಗೆದು ಒರೆಸಿದ.