ಏಳೂವರೆಯ ರೌಂಡ್ಸ್

ಮೊದಲೆಲ್ಲ ರೌಂಡ್ಸಿನ ಹೊತ್ತಿಗೆ
ಮನೆಯವರನ್ನು ಹೊರಗಟ್ಟುವುದೇ ನನ್ನ ಕೆಲಸ.
'ಬರ್ರಾ, ಬರ್ರಾ' ಎನ್ನುತ್ತಿದ್ದೆ.
ಈ ಸೋಹಾರಿನಲ್ಲಿ ಬರ್ರಾ ಎಂದರೆ
ಹೊರಗೆ ನಡೆಯಿರಿ ಎಂದು.

ಡಾಕ್ಟರ್ ಖಲ್ಫಾನ್ ಬಂದ ಮೇಲೆ ಕಾಯಿದೆ ಬೇರೆ:
ನಿಲ್ಲಲಿ, ಕೇಳಲಿ, ಅಡ್ಡ ಮಾತಾಡಲಿ.
ಹದಿಮೂರನೇ ಹಾಸಿಗೆಯ ಹಮೂದಜ್ಜನಿಗೆ
ಮೂವರು ಮಕ್ಕಳು, ಒಬ್ಬ ಅಳಿಯ, ಖಹ್ವಾದ ಫ್ಲಾಸ್ಕು.
ಸೋಡಿಯಂ ಎಷ್ಟೆಂದು ಸೊಸೆ ಕೇಳುತ್ತಾಳೆ.
ಉಪ್ಪಿನ ಮೀನು ಕದ್ದು ಕೊಟ್ಟವ ಅಳಿಯನೆಂದು
ನಿನ್ನೆ ಎಲ್ಲರೆದುರೇ ಪತ್ತೆಯಾಯಿತು.

ಹದಿನಾಲ್ಕಕ್ಕೆ ಒಂದು ಕುರ್ಚಿ,
ಅದರ ಮೇಲೆ ಅವನದೇ ಲುಂಗಿ.
ಹೆರಿಯ ಮೊಗವೀರ, ಐವತ್ತಾರು, ಟಗ್ಗಿನ ಎಂಜಿನ್ ರೂಮು.
ಚೀಟಿಯಲ್ಲಿ: ಗೊಂದಲವಿದೆ. ಹೇಳಿದ್ದು ಹಿಡಿಯುವುದಿಲ್ಲ.
ಅರಬ್ಬಿಯಲ್ಲಿ, ಹಿಂದಿಯಲ್ಲಿ, ನನ್ನ ಕಾರ್ಕಳದ ಕನ್ನಡದಲ್ಲೂ
ಕೈ ಎತ್ತಿ ಎಂದರೆ
ಕಿಟಕಿ ನೋಡುತ್ತಿದ್ದ.

'ಇವನ ಕಡೆಯವರು ಯಾರು?'
ಖಲ್ಫಾನ್ ದಿನವೂ ಕೇಳುವುದು, ದಿನವೂ ನಾವು ನೆಲ ನೋಡುವುದು.
ಇವತ್ತು ಲುಂಗಿ ಎತ್ತಿಟ್ಟು ಕುರ್ಚಿಯ ಮೇಲೆ
ನೀರಿನ ಜಗ್ಗಿಗೆ ಫೋನು ಒರಗಿಸಿದೆ.
ಅಲ್ಲಿ ಒಂಬತ್ತು ಗಂಟೆ. ಹೆಂಡತಿ ಬಚ್ಚಿ
ಮೀನಿನ ಬುಟ್ಟಿ ಇಳಿಸಿ ಯಾರದೋ ಅಂಗಡಿ ಕಟ್ಟೆಯಲ್ಲಿ.
ತೆರೆಯ ತುಂಬ ಅವಳ ಹಣೆ,
ಆಮೇಲೆ ಹಂಚಿನ ಮಾಡು, ಆಮೇಲೆ ಅವಳು.

ಗೊಂದಲ, ಸ್ಕ್ಯಾನು, ಎಲ್ಲ ಹೇಳಿದೆ.
ಆರು ಬಿಳಿ ಕೋಟುಗಳನ್ನು ಒಂದೊಂದಾಗಿ ನೋಡಿದಳು.
'ನೀವೆಲ್ಲಾ ಆ ಬದಿಗೇ ನಿಂತದ್ದ್ ಎಂತಕೆ?
ಅವ್ರಿಗೆ ಬಲದ್ ಕೆಮಿ ಕೇಂತಿಲ್ಲೆ ಮಾರಾಯ್ರೆ,
ಎಂಜಿನ್ ತಿಂದ್ ಹನ್ನೊಂದ್ ವರ್ಷ ಆಯ್ತ್.
ಕಂಪ್ನಿಗೆ ಗೊತ್ತಾರೆ ಕೆಲ್ಸ ಹೋತ್ತ್ ಅಂದೇಳಿ
ಬಾಯ್ ಬಿಡುದಿಲ್ಲೆ.'

ಅರಬ್ಬಿಗೆ ತಿರುಗಿಸುವ ಮೊದಲೇ ನನ್ನ ಮುಖ ಬಿಸಿಯಾಯಿತು.
ಒಂಬತ್ತು ದಿನ!
ಡ್ರಿಪ್ಪಿನ ಕಂಬ ಎಡಕ್ಕಿದೆಯೆಂದು
ಬಲಕ್ಕೇ ನಿಂತಿದ್ದೆವು.

ಖಲ್ಫಾನ್ ಏನೂ ಅನ್ನಲಿಲ್ಲ.
ಕಾಲಬುಡ ಸುತ್ತಿಕೊಂಡು, ಹಿಂದೆ ಇಡೀ ರೌಂಡ್ಸು,
ಗೋಡೆಗೂ ಮಂಚಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಅಡ್ಡಡ್ಡ ನುಸುಳಿ
ಬಗ್ಗಿದರು. ನಾನು ಕಲಿಸಿದ ಎರಡೇ ಶಬ್ದ, ಅರಬ್ಬಿಯ ಗಂಟಲಲ್ಲಿ:
'ಕೈ ಎತ್ತಿ.'

ಎತ್ತಿದ. ಎರಡೂ.
ಸೂಜಿ ಎಳೆದು ಅಯ್ಯೋ ಅಂದ.
ಹದಿಮೂರರ ಸೊಸೆ ಅವನಿಗೊಂದು ಖಹ್ವಾ ಬಗ್ಗಿಸಿದಳು,
ಕುಡಿಯಬಾರದೆಂದು ಅವಳಿಗೂ ಗೊತ್ತು.
ಬಚ್ಚಿ ಅಳಲಿಲ್ಲ, ಬೈದಳು.
ಅವನು ಫೋನಿನತ್ತ ತಿರುಗಿ,
'ಇವತ್ ಬಂಗ್ಡಿ ಎಷ್ಟಕ್ ಹೋಯ್ತ್?' ಎಂದ.

ಗೊಂದಲ ಎಂಬುದರ ಮೇಲೆ ಗೀಟು ಬಿತ್ತು.
ಕಿವಿಯ ಸಾಲು ಬರೆಯಲು ಹೋದ ಪೆನ್ನು ನಿಂತಿತು.
ಖಲ್ಫಾನ್ ನನ್ನ ಮುಖ ನೋಡಿದರು, ನಾನು ಅವರದು.
ಸುಮ್ಮನೆ ಡ್ರಿಪ್ಪಿನ ಕಂಬವನ್ನು
ಬಲಕ್ಕೆ ತಂದು ನಿಲ್ಲಿಸಿದ್ದೇವೆ.
ಇನ್ನು ಯಾರೇ ಬಂದರೂ
ಎಡಕ್ಕೇ ನಿಲ್ಲಬೇಕು.